ವೀರಯೋಧನ ರೇಟ್ ಕಾರ್ಡ್

ಲಂಚ ತಿನ್ನುವವರಿಗೂ ಒಂದು ಕನಿಷ್ಠ ಎಚ್ಚರ ಇರುತ್ತದೆ. ಬರೆದು ಕೊಡುವುದಿಲ್ಲ. ಅಮೆರಿಕದ ಸಂಸದ ರ‍್ಯಾಂಡಿ ‘ಡ್ಯೂಕ್’ ಕನ್ನಿಂಗ್‌ಹ್ಯಾಮ್ ಬರೆದೇ ಕೊಟ್ಟ. ಅದೂ ಸಂಸತ್ತಿನ ಲಾಂಛನವಿದ್ದ ಕಾಗದದ ಮೇಲೆ.

ಎಡಕ್ಕೆ ರಕ್ಷಣಾ ಕಂಟ್ರಾಕ್ಟಿನ ಮೊತ್ತ. ಬಲಕ್ಕೆ ತನ್ನ ಪಾಲು. 1.6 ಕೋಟಿ ಡಾಲರ್ ಕೆಲಸಕ್ಕೆ 1.4 ಲಕ್ಷದ ದೋಣಿ. ಅದರ ಮೇಲೆ ಪ್ರತಿ ಹತ್ತು ಲಕ್ಷಕ್ಕೆ 50 ಸಾವಿರ. ಎರಡು ಕೋಟಿ ದಾಟಿತೋ, 25 ಸಾವಿರ ಸಾಕು. ಆಷಾಢದ ಸೀರೆ ಅಂಗಡಿಯ ಹಾಗೆ ರಿಯಾಯಿತಿ ಬೇರೆ!

ಯಾರಪ್ಪಾ ಈತ? ಯುದ್ಧವೀರ. ಬಣ್ಣದ ಹುಲಿಯಲ್ಲ, ಅಸಲಿ. ವಿಯೆಟ್ನಾಂ ಯುದ್ಧದಲ್ಲಿ ಐದು ಮಿಗ್ ವಿಮಾನ ಉರುಳಿಸಿದ ನೌಕಾಪಡೆಯ ಪೈಲಟ್. ಅದರಲ್ಲಿ ಮೂರು ಒಂದೇ ದಿನ, 1972ರ ಮೇ 10ರಂದು. ಎದೆಯ ಮೇಲೆ ನೇವಿ ಕ್ರಾಸ್. ಆ ಧೈರ್ಯದ ಬಗ್ಗೆ ನನ್ನ ತಕರಾರಿಲ್ಲ. ಪದಕ ಕಂಡ ಕೂಡಲೇ ಖಜಾನೆಯ ಕೀಲಿಕೈ ಕೊಟ್ಟು ಕೈಮುಗಿದವರ ಬಗ್ಗೆ ಇದೆ.

1990ರಲ್ಲಿ ಸ್ಯಾನ್ ಡಿಯಾಗೊದಿಂದ ಚುನಾವಣೆಗೆ ನಿಂತ. ಎದುರಾಳಿಗೆ ಲೈಂಗಿಕ ಕಿರುಕುಳದ ಕಳಂಕ. ಇವನದು ‘ಹೆಮ್ಮೆಪಡಬಹುದಾದ ಸಂಸದ’ ಎಂಬ ಪ್ರಚಾರ. ಗೆದ್ದ. ಮುಂದೆ ರಕ್ಷಣೆಗೆ ಹಣ ಹಂಚುವ ಉಪಸಮಿತಿಯಲ್ಲೇ ಜಾಗ. ಸೇನೆಗೆ ಏನು ಬೇಕೆಂದು ಯೋಧನಿಗೆ ಗೊತ್ತಿಲ್ಲದೆ ಇನ್ಯಾರಿಗೆ ಗೊತ್ತು? ತನಗೆ ಏನು ಬೇಕೆಂಬುದಂತೂ ಪಕ್ಕಾ ಗೊತ್ತಿತ್ತು. ರೋಲ್ಸ್ ರಾಯ್ಸ್. ಫ್ರಾನ್ಸಿನ ಪುರಾತನ ಪೀಠೋಪಕರಣ. ವಾಷಿಂಗ್ಟನ್ನಿನಲ್ಲಿ ಮಲಗೋಕೆ ಕಂಟ್ರಾಕ್ಟರನ ದೋಣಿ. ದೋಣಿ ಅವನದು, ಅದರ ಮೇಲಿನ ಹೆಸರು ಮಾತ್ರ ಇವನದು.

ಅದೇ ಕಂಟ್ರಾಕ್ಟರ್ ಇವನ ಮನೆಯನ್ನು 16.75 ಲಕ್ಷ ಡಾಲರಿಗೆ ಕೊಂಡ. ಏಳು ಲಕ್ಷ ಕಳೆದುಕೊಂಡು ಮಾರಿದ. ಊರಲ್ಲಿ ಮನೆಗಳ ಬೆಲೆ ಗಗನಕ್ಕೇರುತ್ತಿದ್ದ ಕಾಲವದು! ಒಂದು ಸೈಟು ಕೊಂಡವನಿಗೂ ಅನುಮಾನ ಬರಬೇಕು. ಬಂದದ್ದು ಒಬ್ಬ ವರದಿಗಾರನಿಗೆ, ಸಂಸತ್ತಿನ ನೀತಿ ಸಮಿತಿಗಲ್ಲ. 2005ರ ಜೂನ್ 12ರಂದು ಸುದ್ದಿ ಅಚ್ಚಾಯಿತು.

ಹತ್ತೇ ದಿನ. ಜೂನ್ 22ರಂದು ಪ್ರತಿನಿಧಿ ಸಭೆ ಒಂದು ಸಂವಿಧಾನ ತಿದ್ದುಪಡಿಯನ್ನು ಅಂಗೀಕರಿಸಿತು. ರಾಷ್ಟ್ರಧ್ವಜಕ್ಕೆ ಅಪಮಾನ ಮಾಡುವವರನ್ನು ಶಿಕ್ಷಿಸಲು. ಮಂಡಿಸಿದವನು? ಇವನೇ. ಬಾವುಟಕ್ಕೆ ಬೆಂಕಿ ಹಚ್ಚಿದರೆ ದ್ರೋಹ. ಬಜೆಟ್ಟಿಗೆ ಕನ್ನ ಹಾಕಿದರೆ ಸೇವೆ. ಸಭೆಯಲ್ಲಿದ್ದವರು ಪೇಪರ್ ಓದುತ್ತಿರಲಿಲ್ಲವೋ, ಓದಿಯೂ ಕೈ ಎತ್ತಿದರೋ!

ನವೆಂಬರ್‌ನಲ್ಲಿ ತಪ್ಪೊಪ್ಪಿಕೊಂಡ. ಕ್ಯಾಮೆರಾ ಎದುರು ಅತ್ತ. ಕನಿಷ್ಠ 24 ಲಕ್ಷ ಡಾಲರ್ ನುಂಗಿದ್ದ. ಶಿಕ್ಷೆಯ ಹೊತ್ತಿಗೆ ವಕೀಲರು ಮತ್ತೆ ಅವೇ ಪದಕಗಳನ್ನು ಮುಂದಿಟ್ಟರು. ಎಂಟು ವರ್ಷ ನಾಲ್ಕು ತಿಂಗಳ ಜೈಲಾಯಿತು. 2021ರ ಜನವರಿಯಲ್ಲಿ, ಕುರ್ಚಿ ಬಿಡುವ ಗಳಿಗೆಯಲ್ಲಿ, ಟ್ರಂಪ್ ಷರತ್ತಿನ ಕ್ಷಮಾದಾನವನ್ನೂ ದಯಪಾಲಿಸಿದರು.

2007ರಲ್ಲಿ ಸಂಸತ್ತಿಗೆ ರೋಷ ಬಂದಿತ್ತು. ಲಂಚದ ಕೇಸಿನಲ್ಲಿ ಜೈಲಿಗೆ ಹೋದ ಸಂಸದರಿಗೆ ಪಿಂಚಣಿ ಇಲ್ಲ ಎಂದು ಕಾನೂನು ಮಾಡಿತು. ಆದರೆ ಹಳೆಯ ಕಳ್ಳರಿಗೆ ಅದು ಅನ್ವಯಿಸಲಿಲ್ಲ. ಇವನ ಪಿಂಚಣಿ ಎರಡೂ ಭದ್ರವಾಗಿಯೇ ಉಳಿದವು. ನೌಕಾಪಡೆಯದು ಒಂದು. ಸಂಸತ್ತಿನದು ಇನ್ನೊಂದು.