ಮೂರನೆಯ ಕೈ

ಪಿಟೀಲು ನುಡಿಸಲು ಮನುಷ್ಯನಿಗೆ ಮೂರು ಕೈ ಬೇಕು. ಕಮಾನು ಎಳೆಯಲು ಒಂದು, ತಂತಿ ಒತ್ತಲು ಒಂದು, ವಾದ್ಯ ಕೆಳಗೆ ಬೀಳದ ಹಾಗೆ ಹಿಡಿದುಕೊಳ್ಳಲು ಇನ್ನೊಂದು. ಕಾರ್ತವೀರ್ಯಾರ್ಜುನನಿಗೆ, ಬಾಣಾಸುರನಿಗೆ ಸಾವಿರ ಸಾವಿರ ಧಾರಾಳವಾಗಿ ಹಂಚಿದ ದೇವರು ನಮ್ಮ ಸರದಿ ಬಂದಾಗ ಎರಡಕ್ಕೇ ಮುಗಿಸಿಬಿಟ್ಟ. ವೀಣೆಗೆ ತೊಡೆ ಇದೆ, ಮೃದಂಗಕ್ಕೆ ನೆಲ ಇದೆ, ಹಾರ್ಮೋನಿಯಂ ಅಂತೂ ಯಾರ ಹಂಗೂ ಇಲ್ಲದೆ ತಾನೇ ಕೂತಿರುತ್ತದೆ. ಪಿಟೀಲಿಗೆ ಮಾತ್ರ ಸ್ವಂತ ನೆಲೆಯಿಲ್ಲ. ನಾಲ್ಕು ಕೈಯಿರುವ ಸರಸ್ವತಿ ಕೂಡ ವೀಣೆ ಹಿಡಿದಳೇ ಹೊರತು ಇದರ ಗೋಜಿಗೆ ಬರಲಿಲ್ಲ.

ಈ ಮೂರನೆಯ ಕೈಯ ಕೊರತೆ ತುಂಬಿಕೊಳ್ಳಲು ಜನ ಪಟ್ಟ ಪಾಡೇ ಪಿಟೀಲಿನ ಅರ್ಧ ಚರಿತ್ರೆ. ಇಟಲಿಯ ಕ್ರೆಮೋನಾದಲ್ಲಿ ಆಮಾಟಿ ಮನೆತನದವರು ಹದಿನಾರನೆಯ ಶತಮಾನದಲ್ಲಿ ಈ ವಾದ್ಯಕ್ಕೆ ಇವತ್ತಿನ ಮೈಕಟ್ಟು ಕೊಟ್ಟರು. ಸೊಂಟ ತೀಡಿದರು, ಬೆನ್ನು ಉಬ್ಬಿಸಿದರು, ಸುರುಳಿ ತಲೆ ಕೆತ್ತಿದರು. ಹಿಡಿದುಕೊಳ್ಳುವುದು ಹೇಗೆ ಎಂಬುದನ್ನು ಮಾತ್ರ ನುಡಿಸುವವನ ಹಣೆಬರಹಕ್ಕೆ ಬಿಟ್ಟರು. ಕೆಲವರು ಎದೆಗೆ ಒತ್ತಿಕೊಂಡರು, ಕೆಲವರು ಭುಜಕ್ಕೆ ಆನಿಸಿದರು, ಕೆಲವರು ಗದ್ದದಡಿ ಸಿಕ್ಕಿಸಿಕೊಂಡರು. ಸುಮಾರು 1820ರಲ್ಲಿ ಜರ್ಮನಿಯ ಲೂಯಿ ಸ್ಪೋರ್ ಎಂಬ ವಾದಕ ಗದ್ದ ಊರಲೆಂದೇ ವಾದ್ಯಕ್ಕೆ ಒಂದು ಪುಟ್ಟ ಆಸರೆ ಜೋಡಿಸಿದ. ಗದ್ದಕ್ಕೇನೋ ಗತಿ ಕಂಡಿತು, ಭುಜದ ಮೇಲಿನ ಸಂದು ಹಾಗೇ ಉಳಿಯಿತು. ಅದನ್ನು ತುಂಬಲು ಇಪ್ಪತ್ತನೆಯ ಶತಮಾನದಲ್ಲಿ ಶೋಲ್ಡರ್ ರೆಸ್ಟ್ ಬಂತು: ಬಾಗಿದ ಒಂದು ಪಟ್ಟಿ, ಮೇಲೆ ಮೆತ್ತೆ, ಎರಡು ತುದಿಗೂ ರಬ್ಬರು ತೊಡಿಸಿದ ಕವಲು ಕಾಲು. ಅದನ್ನು ವಾದ್ಯದ ಬೆನ್ನಿಗೆ ಕಚ್ಚಿಸಿ, ಭುಜದ ಮೇಲಿಟ್ಟು ಗದ್ದ ಊರಿದರೆ, ಎಡಗೈ ತೆಗೆದು ಜೇಬಿನಲ್ಲಿಟ್ಟುಕೊಂಡರೂ ಪಿಟೀಲು ಜಪ್ಪಯ್ಯ ಅನ್ನುವುದಿಲ್ಲ.

ನಮ್ಮವರ ಉಪಾಯವೇ ಬೇರೆ. ಮುತ್ತುಸ್ವಾಮಿ ದೀಕ್ಷಿತರ ತಮ್ಮ ಬಾಲುಸ್ವಾಮಿ ದೀಕ್ಷಿತರು (1786–1858) ಮದರಾಸಿನಲ್ಲಿ ಐರೋಪ್ಯ ವಾದಕನೊಬ್ಬನ ಹತ್ತಿರ ಕಲಿತು ಈ ವಾದ್ಯವನ್ನು ನಮ್ಮ ಸಂಗೀತಕ್ಕೆ ಪಳಗಿಸಿದರು. ಅಲ್ಲಿ ನಿಂತು ನುಡಿಸುತ್ತಿದ್ದುದನ್ನು ನಮ್ಮ ವಿದ್ವಾಂಸರು ಜಮಖಾನದ ಮೇಲೆ ಕೂರಿಸಿದರು. ಚಕ್ಕಳಮಕ್ಕಳ ಹಾಕಿ, ವಾದ್ಯದ ಬುಡವನ್ನು ಎಡಭುಜಕ್ಕೂ ಎದೆಗೂ ಆನಿಸಿ, ಸುರುಳಿ ತಲೆಯನ್ನು ಬಲಪಾದದ ಹರಡಿನ ಹತ್ತಿರ ಊರಿದರೆ ಮುಗಿಯಿತು. ಮೂರನೆಯ ಕೈ ಸಿಗದಿದ್ದರೇನು, ಕಾಲಿತ್ತಲ್ಲ! ಎರಡು ತುದಿಯೂ ಭದ್ರ, ಎಡಗೈ ಪೂರ್ತಿ ಸ್ವತಂತ್ರ. ಮಂದ್ರದಿಂದ ತಾರಕ್ಕೆ ಎಷ್ಟು ಸಲ ಬೇಕಾದರೂ ಏರಲಿ, ಜಾರಲಿ. ಜಾರುವುದಕ್ಕೆ ಅನುಕೂಲವಾಗಲೆಂದು ಬೆರಳ ತುದಿಗೆ ಚೂರು ಕೊಬ್ಬರಿ ಎಣ್ಣೆ. ಪುಸ್ತಕಕ್ಕೆ ಕಾಲು ತಾಗಿದರೆ ಮುಟ್ಟಿ ಕಣ್ಣಿಗೊತ್ತಿಕೊಳ್ಳುವ ನಾವು ಪಿಟೀಲಿನ ತಲೆಯನ್ನೇ ಪಾದದ ಮೇಲಿಟ್ಟುಕೊಂಡು ತ್ಯಾಗರಾಜರ ಕೃತಿ ನುಡಿಸುತ್ತೇವೆ. ಶರಣಾಗತಿ ಎಂದುಕೊಂಡರೆ ದೋಷವಿಲ್ಲ.

ಮೈಸೂರಿನವನಿಗೆ ಪಿಟೀಲಿನ ವಿಷಯದಲ್ಲಿ ಮಾತಾಡುವ ಹಕ್ಕು ಹುಟ್ಟಿನಿಂದಲೇ ಬರುತ್ತದೆ, ನುಡಿಸಲು ಬರಲಿ ಬಿಡಲಿ. ಬಿಡಾರಂ ಕೃಷ್ಣಪ್ಪನವರ ಶಿಷ್ಯ ಚೌಡಯ್ಯನವರು (1895–1967) ದೊಡ್ಡ ಸಭೆಗೆ ನಾಲ್ಕು ತಂತಿಯ ದನಿ ಸಾಲದೆಂದು ಇನ್ನೂ ಮೂರು ಬಿಗಿದು ಏಳು ತಂತಿ ಮಾಡಿದ್ದು ಈ ಊರಿನಲ್ಲಿದ್ದಾಗಲೇ. ನಾಲ್ವಡಿ ಕೃಷ್ಣರಾಜ ಒಡೆಯರು ನುಡಿಸುತ್ತಿದ್ದ ವಾದ್ಯಗಳಲ್ಲಿ ಪಿಟೀಲೂ ಒಂದು. ಅರಮನೆಯಲ್ಲಿ ಕರ್ನಾಟಕ ಸಂಗೀತದ ವಾದ್ಯವೃಂದವೂ ಇತ್ತು, ಯೂರೋಪಿನ ಸಂಗೀತದ್ದೂ ಇತ್ತು. ಬೆಂಗಳೂರಿನವರು ಚೌಡಯ್ಯನವರ ಹೆಸರಿನಲ್ಲಿ ಪಿಟೀಲಿನ ಆಕಾರದ ಸಭಾಂಗಣವನ್ನೇ ಕಟ್ಟಿ 1980ರಲ್ಲಿ ಬಾಗಿಲು ತೆರೆದರು. ಹಿಡಿಯುವವರ ಚಿಂತೆಯಿಲ್ಲದೆ ಅಂಗಾತ ಮಲಗಿರುವ ಪಿಟೀಲು ನಾನು ಕಂಡ ಹಾಗೆ ಅದೊಂದೇ.

ಇಂಥ ಊರಿನಲ್ಲಿ ಎಳವೆಯಿಂದಲೂ ನೆಲದ ಮೇಲೆ ಕೂತು ವರ್ಣ, ಕೃತಿ ಅಂತ ನೆಮ್ಮದಿಯಾಗಿದ್ದ ನನಗೆ ನಿವೃತ್ತಿಯ ಬೆನ್ನಲ್ಲೇ ಮಂಡಿನೋವು ಶುರುವಾಯಿತು. ಮೂಳೆ ಡಾಕ್ಟರು ಎಕ್ಸ್‌ರೇ ಬೆಳಕಿಗೆ ಹಿಡಿದು ನೋಡಿ, "ಇನ್ನು ಚಕ್ಕಳಮಕ್ಕಳ ಮರೆತುಬಿಡಿ" ಅಂದರು. ಕುರ್ಚಿಯ ಮೇಲೆ ಕೂತರೆ ಪಾದ ಇರುವುದು ನೆಲದ ಮೇಲೆ, ಪಿಟೀಲಿನ ತಲೆಗೆ ಅಷ್ಟು ದೂರ ಎಟುಕುವುದಿಲ್ಲ. ಬ್ಯಾಂಕಿನ ಕೆಲಸದ ಜೊತೆಗೆ ನನ್ನ ಮೂರನೆಯ ಕೈಯೂ ನಿವೃತ್ತವಾಯಿತು. ಉಳಿದದ್ದು ಒಂದೇ ದಾರಿ: ಎದ್ದು ನಿಂತು, ಬಿಳಿಯರ ಹಾಗೆ ಗದ್ದಕ್ಕೆ ಕೊಡುವುದು.

ನಮ್ಮ ಬಡಾವಣೆಯಲ್ಲೇ ಒಬ್ಬ ಮೇಷ್ಟ್ರು ಸಿಕ್ಕಿದರು. ಕನ್ನಡ ಚಿತ್ರಗಳ ಹಾಡುಗಳೆಲ್ಲ ಮದರಾಸಿನಲ್ಲೇ ಮುದ್ರಣವಾಗುತ್ತಿದ್ದ ಕಾಲದಲ್ಲಿ ಅಲ್ಲಿನ ಸ್ಟುಡಿಯೊಗಳ ಪಿಟೀಲು ಸಾಲಿನಲ್ಲಿ ಕೂತು ನುಡಿಸಿದವರು. ಅವರ ಪಾಠದ ಕೋಣೆಯಲ್ಲಿ ನನ್ನನ್ನು ಬಿಟ್ಟರೆ ಉಳಿದವರೆಲ್ಲ ಹಾಲುಹಲ್ಲು ಬಿದ್ದು ಹೊಸ ಹಲ್ಲು ಬರುತ್ತಿದ್ದವರು. ನಾನು ಹೊಸ ಶೋಲ್ಡರ್ ರೆಸ್ಟಿನೊಂದಿಗೆ ಹೋಗಿದ್ದೆ. ಅವರು ಅದನ್ನು ಎರಡು ಬೆರಳಲ್ಲಿ ಹಿಡಿದು ತಿರುಗಿಸಿ ನೋಡಿ ಕಿಟಕಿಯ ಮೇಲಿಟ್ಟರು.

"ಹೈಫೆಟ್ಸ್ ಹಾಕ್ಕೊತಿದ್ರಾ ಇದನ್ನ? ಮಿಲ್‌ಸ್ಟೈನ್ ಹಾಕ್ಕೊತಿದ್ರಾ?"

ಯಾಶಾ ಹೈಫೆಟ್ಸ್ ಏಳನೆಯ ವಯಸ್ಸಿಗೇ ಮೆಂಡೆಲ್ಸನ್ನನ ಕನ್ಚೆರ್ಟೊ ನುಡಿಸಿ ಸಭೆಯನ್ನು ಬೆರಗುಗೊಳಿಸಿದವರು. ಅವರಿಗೆ ಅಂಥ ಅನುಕೂಲಗಳ ಅಗತ್ಯ ಬಿದ್ದಿರಲಾರದು. ನನ್ನ ಮಂಡಿಯ ವಯಸ್ಸನ್ನೂ ಲೆಕ್ಕಕ್ಕೆ ಹಿಡಿಯಬೇಕು ಎನ್ನಲು ಹೊರಟೆ. ಅಷ್ಟರಲ್ಲಿ ಅವರು ನಿಯಮಗಳನ್ನು ಹೇಳತೊಡಗಿದ್ದರು. ಭುಜ ಎತ್ತಬಾರದು. ಗದ್ದ ಅದುಮಬಾರದು. ಕತ್ತು ಸೊಟ್ಟ ಮಾಡಬಾರದು. ಎಡಗೈಯಲ್ಲಿ ಬಿಗಿ ಹಿಡಿಯಬಾರದು.

"ಹಾಗಾದ್ರೆ ಹಿಡಿಯೋದು ಯಾವುದರಲ್ಲಿ ಮೇಷ್ಟ್ರೇ?"

"ಯಾವುದರಲ್ಲೂ ಇಲ್ಲ ಸ್ವಾಮಿ. ಕಾಲರ್ ಬೋನ್ ಮೇಲೆ ಇಡೋದು, ಹೆಬ್ಬೆರಳು ಕೆಳಗೆ ಕೊಡೋದು, ಅಷ್ಟೇ."

ಫಸ್ಟ್ ಪೊಸಿಷನ್ನಿನಲ್ಲಿ ಇರುವವರೆಗೆ ಈ ಮಾತು ಸತ್ಯ. ಕೈ ಬಿರಡೆಗಳ ಹತ್ತಿರ, ಪಿಟೀಲಿನ ಕತ್ತಿನ ತುದಿಯಲ್ಲೇ ಇರುತ್ತದೆ. ವಾದ್ಯದ ಒಂದು ತುದಿ ಎಲುಬಿನ ಮೇಲೆ, ಇನ್ನೊಂದು ಕೈಯ ಮೇಲೆ. ಅರ್ಧ ಕಿಲೊ ಭಾರ ಕೂಡ ಇಲ್ಲದ ಸಾಮಾನು, ಸುಮ್ಮನೆ ಕೂತಿರುತ್ತದೆ. ತೊಂದರೆ ಶುರುವಾಗುವುದು ಥರ್ಡ್ ಪೊಸಿಷನ್ನಿಗೆ ಹೋಗಬೇಕಾದಾಗ. ಮೂರನೆಯ ಬೆರಳು ಒತ್ತುತ್ತಿದ್ದ ಜಾಗಕ್ಕೆ ತೋರುಬೆರಳು ಬರಬೇಕು. ದೂರ ಎರಡು ಇಂಚೂ ಇಲ್ಲ. ಆದರೆ ಹೊರಡಬೇಕಾದದ್ದು ಯಾವ ಕೈ? ವಾದ್ಯದ ಅರ್ಧ ಭಾರ ಹೊತ್ತಿರುವ ಕೈ! ಹೊರಟರೆ ಹೊರೆ ಯಾರ ಪಾಲಿಗೆ? ಹೊರಡದಿದ್ದರೆ ಸ್ವರ ಎಲ್ಲಿಂದ ಬರಬೇಕು?

ಬೆರಳುಗಳಿಗೆ ಇದು ಬಾಡಿಗೆ ಮನೆ ಬದಲಾಯಿಸುವ ವ್ಯವಹಾರ. ತೋರುಬೆರಳಿಗೆ ಹೊಸ ಮನೆಯ ಹುರುಪು, ಮೊದಲು ಓಡುವುದು ಅದೇ. ಮಧ್ಯದ ಬೆರಳು, ಉಂಗುರದ ಬೆರಳು ಪಾತ್ರೆ ಪಗಡ ಹೊತ್ತುಕೊಂಡು ಹಿಂದೆ. ಕಿರುಬೆರಳು ಎಲ್ಲಿಗೆ, ಯಾಕೆ ಎಂದು ಕೇಳದೆ ಹೋಗುವ ಕೂಸು. ಹೆಬ್ಬೆರಳು ಮಾತ್ರ ಜಗಲಿ ಬಿಟ್ಟು ಏಳದ ಹಿರಿಯರು. "ನೀವು ನಡೀರಿ, ನಾನು ಇಲ್ಲೇ ಇರ್ತೀನಿ" ಎಂದು ಹಳೆಯ ಕಂಬ ಹಿಡಿದು ಕೂತುಬಿಡುತ್ತಾರೆ. ಸಂಸಾರ ಅಲ್ಲಿ, ಯಜಮಾನರು ಇಲ್ಲಿ, ನಡುವೆ ಅಂಗೈ ಹರಿದುಹೋಗುವಷ್ಟು ಜಗ್ಗಾಟ. ಮೇಷ್ಟ್ರ ಪ್ರಕಾರ ಏರುವಾಗ ಹಿರಿಯರು ಎಲ್ಲರ ಜೊತೆಗೇ ಹೊರಡಬೇಕು. ಇಳಿಯುವಾಗ ಎಲ್ಲರಿಗಿಂತ ಮುಂಚೆ ಹಳೆಯ ಮನೆಗೆ ಹೋಗಿ ಬೀಗ ತೆಗೆದಿಟ್ಟು ಕಾಯಬೇಕು. ನನ್ನ ಹಿರಿಯರು ಈ ಎರಡಕ್ಕೂ ಒಪ್ಪಲಿಲ್ಲ. ನನ್ನ ಎಡಗೈಯನ್ನು ಒಂದಷ್ಟು ಹೊತ್ತು ನೋಡಿದ ಮೇಷ್ಟ್ರು, "ನಿಮ್ಮದು ಬರೀ ಹೆಬ್ಬೆಟ್ಟು ಸ್ವಾಮಿ" ಎಂದು ಷರಾ ಬರೆದರು. ಎರಡು ಡಿಗ್ರಿ ಓದಿ, ಬ್ಯಾಂಕಿನಲ್ಲಿ ಊರವರ ಸಹಿಯನ್ನೆಲ್ಲ ತಾಳೆ ನೋಡಿದವನಿಗೆ ಬಂದ ಬಿರುದು!

ಏರುವುದು ಹೇಗೋ ನಡೆಯುತ್ತದೆ. ಕೈ ಮುಖದ ಕಡೆಗೆ ಬರುವಾಗ ವಾದ್ಯವನ್ನೂ ಕತ್ತಿಗೆ ತಳ್ಳುತ್ತದೆ, ಅದು ಇನ್ನಷ್ಟು ಭದ್ರವಾಗುತ್ತದೆ. ಅನಾಹುತವೆಲ್ಲ ಇಳಿಯುವಾಗ. ಕೈ ಹಿಂದಕ್ಕೆ ಸರಿಯುತ್ತದೆ, ಅದರ ಸಂಗಡ ಪಿಟೀಲೂ ಹೊರಟು ನಿಲ್ಲುತ್ತದೆ. ಎಡಭುಜ ಗಾಬರಿಯಿಂದ ಕಿವಿಯವರೆಗೆ ಏರುತ್ತದೆ, ಗದ್ದ ಕಚ್ಚಿಕೊಳ್ಳುತ್ತದೆ. ಆ ಹೊತ್ತಿಗೆ ಹೊರಡುವ ಶಬ್ದ ಯಾವ ಮೇಳಕರ್ತಕ್ಕೂ ಸೇರಿದ್ದಲ್ಲ. ಲಿಯೊಪೋಲ್ಡ್ ಮೊಝಾರ್ಟ್ 1756ರಲ್ಲಿ, ಮಗ ವೋಲ್ಫ್‌ಗ್ಯಾಂಗ್ ಹುಟ್ಟಿದ ವರ್ಷವೇ, ಪಿಟೀಲು ಕಲಿಯುವವರಿಗೆಂದು ದಪ್ಪ ಪುಸ್ತಕ ಅಚ್ಚು ಹಾಕಿಸಿದ್ದ. ಖಾಲಿ ತಂತಿ ನುಡಿಯುತ್ತಿರುವಾಗ, ಅಂದರೆ ಬೆರಳಿಗೆ ಕೆಲಸವಿಲ್ಲದಾಗ, ಮೆಲ್ಲಗೆ ಕೈ ಇಳಿಸಿಕೊಳ್ಳಿ ಎಂಬುದು ಅವನ ಸಲಹೆಗಳಲ್ಲೊಂದು. ಸಾಹೇಬರು ಫೈಲಿನಲ್ಲಿ ಮುಳುಗಿರುವಾಗ ಮೆಲ್ಲಗೆ ಕ್ಯಾಂಟೀನಿಗೆ ಇಳಿದುಬಿಡುವ ವಿದ್ಯೆ ನನಗೆ ಚೆನ್ನಾಗಿ ಗೊತ್ತಿತ್ತು. ಪಶ್ಚಿಮದ ಸಂಗೀತದಲ್ಲಿ ನನಗೆ ಮೊದಲು ಅರ್ಥವಾದದ್ದೂ ಇದೇ.

ಇನ್ನು ಬಟ್ಟೆಯ ವಿಚಾರ. ರೇಷ್ಮೆ ಜುಬ್ಬದ ಮೇಲೆ ಪಿಟೀಲು ನಿಲ್ಲುವುದಿಲ್ಲ. ಟೆರಿಕಾಟ್ ಷರಟು ಅದಕ್ಕಿಂತ ಒಂದು ಕೈ ಮೇಲು, ಇಟ್ಟ ಕ್ಷಣವೇ ಕಳಿಸಿಕೊಡುತ್ತದೆ. ಒಗೆದೊಗೆದು ಹಳತಾದ ಖಾದಿ ಪರವಾಗಿಲ್ಲ. ವಾದ್ಯದ ಬೆನ್ನಿಗೆ ಸ್ಪಾಂಜಿನ ತುಂಡನ್ನು ರಬ್ಬರ್ ಬ್ಯಾಂಡಿನಲ್ಲಿ ಕಟ್ಟಿಕೊಳ್ಳುವವರೂ ಇದ್ದಾರೆ ಎಂದು ತಿಳಿದು ಅಡಿಗೆಮನೆಯ ಕಡೆ ಒಂದು ಹೆಜ್ಜೆ ಇಟ್ಟೆ.

"ರೀ, ಪಾತ್ರೆ ತಿಕ್ಕೋದು ಮುಟ್ಟಿದ್ರೆ ಪಾತ್ರೆನೂ ನೀವೇ ತಿಕ್ಕಬೇಕು" ಎಂದು ಒಳಗಿನಿಂದ ತೀರ್ಪು ಬಂತು. ಕಾರು ಒರೆಸುವ ಮೆದು ಚರ್ಮದ ಬಟ್ಟೆ ತಂದು ಭುಜಕ್ಕೆ ಹಾಕಿಕೊಂಡು ಮಾನ ಉಳಿಸಿಕೊಂಡೆ.

ಮಾನಕ್ಕೆ ಇನ್ನೊಂದು ಕಡೆಯಿಂದ ಕುತ್ತು ಬಂತು. ಗದ್ದ ಅದುಮಿ ಅದುಮಿ ಎಡದವಡೆಯ ಕೆಳಗೆ, ಕತ್ತಿನ ಮೇಲೆ ಒಂದು ಕೆಂಪು ಕಲೆ ಮೂಡಿತು. ಪಿಟೀಲುಗಾರರಿಗೆ ಇದು ಎಲ್ಲ ದೇಶದಲ್ಲೂ ಇರುವುದೇ, ಕಲೆಯನ್ನು ನೋಡಿಯೇ ಒಬ್ಬರನ್ನೊಬ್ಬರು ಗುರುತಿಸಬಹುದು. ಆದರೆ ಬೆಳಿಗ್ಗೆ ಪಾರ್ಕಿನಲ್ಲಿ ಸುತ್ತು ಹಾಕುವ ನನ್ನ ಗೆಳೆಯರು ಯಾರೂ ಪಿಟೀಲುಗಾರರಲ್ಲ. ಅರವತ್ತು ದಾಟಿದವನ ಕತ್ತಿನ ಮೇಲೆ ಅಂಥ ಕಲೆ ಕಂಡರೆ ಅವರು ಏನೂ ಕೇಳುವುದಿಲ್ಲ, ಕೆಮ್ಮುತ್ತಾರೆ. ನಾನಾಗಿಯೇ ಪಿಟೀಲಿನ ಕಥೆ ಹೇಳಿದ ಮೇಲೆ ಇನ್ನೂ ಗಟ್ಟಿಯಾಗಿ ಕೆಮ್ಮಿದರು.

ಇದೆಲ್ಲ ಮೈಯ ಕಷ್ಟ. ಮನಸ್ಸಿನ ಕಷ್ಟ ಇದಕ್ಕಿಂತ ಸೂಕ್ಷ್ಮ. ಕರ್ನಾಟಕ ಸಂಗೀತದಲ್ಲಿ ಒಂದು ಸ್ವರದಿಂದ ಇನ್ನೊಂದಕ್ಕೆ ಹೋಗುವ ದಾರಿ ಕೇಳಿಸಬೇಕು. ಆ ಜಾರಿನಲ್ಲಿ, ಆ ಗಮಕದಲ್ಲಿ ತಾನೇ ತೋಡಿಯ ಪ್ರಾಣವಿರುವುದು. ಪಶ್ಚಿಮದ ಪಾಠದಲ್ಲಿ ದಾರಿ ಕೇಳಿಸಿದರೆ ಮೇಷ್ಟ್ರು ಪೆನ್ಸಿಲಿನಿಂದ ಸ್ಟ್ಯಾಂಡು ಕುಟ್ಟುತ್ತಾರೆ. "ಹೋಗಿದ್ದು ಗೊತ್ತಾಗಬಾರದು ಸ್ವಾಮಿ, ತಲುಪಿದ್ದು ಗೊತ್ತಾಗಬೇಕು." ಹೊರಡುವ ಮುಂಚೆ ಬೆರಳಿನ ಒತ್ತಡ ಸಡಿಲಿಸಿ, ತಂತಿಯನ್ನು ಬಿಡದೆ ಸವರಿಕೊಂಡು ಹೋಗಿ, ತಲುಪಿದ ಮೇಲೆ ಮತ್ತೆ ಒತ್ತಬೇಕು. ಕಮಾನೂ ಆ ಕ್ಷಣ ಹಗುರಾಗಬೇಕು. ಅಲ್ಲಿ ಎಣ್ಣೆ ಎಂಬ ಮಾತೆತ್ತಿದರೆ ಮಹಾಪರಾಧ. ಕಮಾನಿನ ಕೂದಲಿಗೆ ಹಚ್ಚಿದ ರಾಳವೂ ಬೆರಳಿನ ಎಣ್ಣೆಯೂ ಹಾವು ಮುಂಗುಸಿ. ನನ್ನ ಕೈಗೋ ಸಣ್ಣಂದಿನಿಂದ ಬಂದ ಚಟ. ಮೊಝಾರ್ಟನ ಪುಟ್ಟ ಮಿನುಯೆಟ್ ಕೂಡ ನನ್ನ ಬೆರಳಿಗೆ ಸಿಕ್ಕಿ ಬಿಲಹರಿಯ ಕಡೆ ಓಲಾಡತೊಡಗಿತು. ಪಕ್ಕದಲ್ಲಿ ನಿಂತಿದ್ದ ಎರಡನೆಯ ಕ್ಲಾಸಿನ ಹುಡುಗಿ, "ಅಂಕಲ್, ನೀವು ಸೊನ್ನೆಯಿಂದ ಶುರು ಮಾಡಿ, ನಾನು ಹಾಗೇ ಮಾಡಿದ್ದು" ಎಂದು ಪ್ರೀತಿಯಿಂದ ಸಲಹೆ ಕೊಟ್ಟಳು. ಅವಳ ಹೆಬ್ಬೆರಳಿಗೆ ಹಳೆಯ ಮನೆಯ ಮೋಹವೇ ಇರಲಿಲ್ಲ. ಗುಬ್ಬಚ್ಚಿ ಹಾರಿದಷ್ಟು ಸಲೀಸಾಗಿ ಥರ್ಡ್ ಪೊಸಿಷನ್ನಿಗೆ ಹೋಗಿ ಬಂದಳು, ಜೊತೆಗೆ ಮೂಗನ್ನೂ ಒರೆಸಿಕೊಂಡಳು.

ಮಕ್ಕಳಿಗೆ ಬಿಡುವುದು ಸುಲಭ, ಅವರು ಹಿಡಿದು ಎಷ್ಟು ದಿನವಾಯಿತು! ಪಿಂಚಣಿ ಪುಸ್ತಕ, ಲಾಕರಿನ ಬೀಗದ ಕೈ, ಬಸ್ಸಿನ ಕಂಬಿ, ಮಗನ ಸಂಸಾರ, ಎಲ್ಲವನ್ನೂ ಬಿಗಿ ಹಿಡಿದೇ ಇಷ್ಟು ದೂರ ಬಂದವನಿಗೆ ಅರ್ಧ ಕಿಲೊ ಮರವನ್ನು ಹಿಡಿಯದೆ ಇಟ್ಟುಕೋ ಎಂದರೆ ಕಷ್ಟವೇ. ಆದರೂ ಪಿಟೀಲು ಒಂದು ವಿಷಯದಲ್ಲಿ ಪ್ರಾಮಾಣಿಕ. ಬಿಗಿ ಹಿಡಿದ ಕೈ ಸರಿದಾಗ ವಾದ್ಯವನ್ನೂ ಎಳೆದುಕೊಂಡು ಹೋಗುತ್ತದೆ, ಸಡಿಲ ಬಿಟ್ಟ ಕೈ ಒಂದೇ ಸರಿದು ಹೋಗುತ್ತದೆ. ಬೀಳದಿರಲೆಂದು ಹಿಡಿದಷ್ಟೂ ಬೀಳುವ ಸಂಭವ ಹೆಚ್ಚು. ಇದು ನನ್ನ ತಲೆಗೆ ಬೇಗ ಹೋಯಿತು. ತಲೆಯಿಂದ ಹೆಬ್ಬೆರಳಿಗೆ ಇಳಿಯಲು ಒಂದು ಮಳೆಗಾಲ, ಒಂದು ದಸರಾ ಹಿಡಿಯಿತು.

ಮೊನ್ನೆ ನನ್ನ ಹಳೆಯ ಸಂಗೀತದ ಮೇಷ್ಟ್ರು ಕಾಫಿಗೆ ಬಂದಿದ್ದರು. ತೊಂಬತ್ತರ ಹತ್ತಿರ, ಕಿವಿ ಮಾತ್ರ ಚುರುಕು. ನಾನು ಎದ್ದು ನಿಂತು ಪಿಟೀಲನ್ನು ಗದ್ದಕ್ಕೆ ಕೊಟ್ಟದ್ದನ್ನು ಕಂಡು ಮುಖ ಹಿಂಡಿದರು. ಮೋಹನದಲ್ಲಿ ನಾಲ್ಕು ಸುತ್ತು ಆಲಾಪನೆ ಮಾಡಿ ತಾರಷಡ್ಜಕ್ಕೆ ಏರಿ, ಅಲ್ಲಿಂದ ಒಂದೇ ಜಾರಿನಲ್ಲಿ ಪಂಚಮಕ್ಕೆ ಇಳಿದೆ. ಅವರು ಲೋಟ ಕೆಳಗಿಟ್ಟರು.

"ಜಾರು ಇಷ್ಟು ನಯವಾಗಿ ನಿನ್ನ ಕೈಯಲ್ಲಿ ಯಾವತ್ತೂ ಬಂದಿರಲಿಲ್ಲವಲ್ಲೋ. ಯಾವ ಎಣ್ಣೆ ಹಚ್ತೀಯ ಈಗ?"

ನಾನು ಕಾಲರ್ ಬೋನು, ಹೆಬ್ಬೆರಳು, ಲಿಯೊಪೋಲ್ಡ್ ಮೊಝಾರ್ಟ್ ಎಂದು ವಿವರಿಸಲು ಬಾಯಿ ತೆರೆಯುವಷ್ಟರಲ್ಲಿ ನನ್ನ ಹೆಂಡತಿ ಚಕ್ಕುಲಿಯ ತಟ್ಟೆ ಮುಂದಿಡುತ್ತಾ ಹೇಳಿದಳು:

"ಎಣ್ಣೆಯಲ್ಲ ಮೇಷ್ಟ್ರೇ, ಭಯ. ಬಿದ್ದು ಒಡೆದ್ರೆ ಇನ್ನೊಂದು ತರೋ ಹಾಗಿಲ್ಲ ಅಂತ ಹೇಳಿಬಿಟ್ಟಿದ್ದೀನಿ."