ಬಿಡ್ತು ಅನ್ನು, ಪುಟ್ಟಾ!

ನಾಲ್ಕು ವರ್ಷದ ಮೊಮ್ಮಗ ‘ಅಜ್ಜೀ, ನೀನು ಯಾವಾಗ ಸಾಯ್ತೀಯಾ?’ ಅಂತ ಕೇಳಿದನೋ, ಮುಗೀತು ಕಥೆ. ಅದೂ ದೀಪ ಹಚ್ಚೋ ಹೊತ್ತು, ಅಸ್ತು ದೇವತೆಗಳು ತಾರಸಿ ಮೇಲೆ ಕಿವಿ ನಿಮಿರಿಸಿ ಕೂತಿರೋ ಹೊತ್ತು! ‘ಬಿಡ್ತು ಅನ್ನು, ಬಿಡ್ತು ಅನ್ನು’ ಅಂತ ಅಮ್ಮ ಸೌಟು ಹಿಡಿದೇ ಓಡಿ ಬರ್ತಾಳೆ. ‘ಇದನ್ನೆಲ್ಲ ಹೇಳಿಕೊಡೋರು ನಿಮ್ಮ ಕಡೆಯೋರೇ’ ಅಂತ ಅಪ್ಪ ಹಳೇ ಲೆಕ್ಕ ತೆಗೀತಾನೆ. ಅತ್ತೆ ದೃಷ್ಟಿ ತೆಗೆಯೋಕೆ ಉಪ್ಪು, ಮೆಣಸಿನಕಾಯಿ ಹುಡುಕ್ತಾಳೆ. ತಣ್ಣಗಿರೋದು ಅಜ್ಜಿ ಒಬ್ಬಳೇ. ‘ಈ ಸಲದ ಉಪ್ಪಿನಕಾಯಿ ಮುಗೀಲಿ, ಆಮೇಲೆ ನೋಡೋಣ. ಯಾಕೋ ಮರಿ?’ ಆ ‘ಯಾಕೋ’ಗೆ ಗುಟ್ಟು ರಟ್ಟು: ಕಿಟಕಿ ಪಕ್ಕದ ಅಜ್ಜಿ ಮಂಚ ಅವನಿಗೆ ಬೇಕಂತೆ!

ಬುಡಾಪೆಸ್ಟ್ ಕಡೆಯ ಮಕ್ಕಳನ್ನು ಸಾವಿನ ಬಗ್ಗೆ ಮಾತಾಡಿಸಿ ನೋಡಿದ ಮನಶ್ಶಾಸ್ತ್ರಜ್ಞೆ ಮರಿಯಾ ನಾಗಿ 1948ರಲ್ಲೇ ಬರೆದಿಟ್ಟಿದ್ದಾರೆ: ಐದರೊಳಗಿನ ಮಕ್ಕಳಿಗೆ ಸಾವು ಅಂದರೆ ನಿದ್ದೆ, ಇಲ್ಲವೇ ಎಲ್ಲಿಗೋ ಹೋಗಿರೋದು. ಹೋದೋರು ಬಂದೇ ಬರ್ತಾರೆ ಅಂತ ಲೆಕ್ಕ. ಅವರ ಮಟ್ಟಿಗೆ ಸಾವು ಧಾರವಾಡಕ್ಕೆ ಹೋದ ಹಾಗೆ.

‘ಪಾಪೂನ ಆಸ್ಪತ್ರೆಗೇ ವಾಪಸ್ ಕೊಟ್ಟು ಬಾ, ಇಲ್ಲಾಂದ್ರೆ ಕೊಂದು ಹಾಕ್ತೀನಿ’ ಅಂತ ಪುಟಾಣಿ ಅಣ್ಣ ಅಂದರೂ ನಮಗೆ ಎದೆ ಧಸಕ್ ಅನ್ನುತ್ತೆ. ಎಲ್ಲಿ ಕಲಿತ ಅಂತ ಮೊಬೈಲನ್ನು ಬೈತೀವಿ. ‘ಕಾಲು ಮುರೀತೀನಿ’, ‘ಚರ್ಮ ಸುಲೀತೀನಿ’, ‘ನಿನ್ನನ್ನ ತೌಡು ಕೊಟ್ಟು ತಂದದ್ದು’ ಅನ್ನೋ ಮಂತ್ರಪುಷ್ಪ ಬೆಳಗ್ಗೆಯಿಂದ ನಮ್ಮ ಬಾಯಲ್ಲೇ ನಡೀತಿರುತ್ತಲ್ಲ, ಅದು ಲೆಕ್ಕಕ್ಕಿಲ್ಲ. ‘ಪಾಪು ಬಂದಮೇಲೆ ಅಮ್ಮ ನಿನ್ನ ಜೊತೆ ಆಡೋದೇ ಇಲ್ಲ ಅಂತ ಸಿಟ್ಟಾ?’ ಅಂತ ಕೇಳಿ ತೊಡೆ ಮೇಲೆ ಕೂರಿಸಿಕೊಂಡರೆ ಎಷ್ಟೋ ಸಲ ಕೊಲೆಗಾರ ಅಲ್ಲೇ ನಿದ್ದೆ ಹೋಗಿರ್ತಾನೆ. ನಾವು ಕಿರುಚಿದರೆ ಮಾತ್ರ ಒಳ್ಳೇ ಪಟಾಕಿ ಸಿಕ್ಕಿತು ಅಂತ ನಾಳೆ ನೆಂಟರ ಮುಂದೆ ಮತ್ತೆ ಹಚ್ಚುತ್ತಾನೆ.

ತಮಾಷೆ ಇಲ್ಲಿಗೆ ಸಾಕು. ಕೊಲ್ತೀನಿ ಅಂದರೆ ಸೂರು ಹಾರೋ ಹಾಗೆ ಕಿರುಚೋ ನಾವು, ಮಗು ಮೆಲ್ಲಗೆ ‘ಆ ಮಾಮನ ಮನೆಗೆ ನಾ ಹೋಗಲ್ಲ’ ಅಂದರೆ ಏನಂತೀವಿ? ‘ಹಂಗೆಲ್ಲ ಅನ್ನಬಾರದು, ಎಷ್ಟು ಚಾಕೊಲೇಟ್ ಕೊಡ್ತಾರೆ!’ ನಿಜವಾಗಿ ಬೆಚ್ಚಬೇಕಾದ್ದು ಇಲ್ಲಿ. ಬೆಚ್ಚಿದ್ದು ಮುಖದಲ್ಲಿ ಕಾಣಬಾರದು, ಅಷ್ಟೇ. ಮುಖ ಕೆಟ್ಟರೆ ಮಗು ಬಾಯಿ ಮುಚ್ಚಿಕೊಳ್ಳುತ್ತೆ. ಪೊಲೀಸರ ಥರ ಅಡ್ಡಪ್ರಶ್ನೆ ಬೇಡ. ‘ಹೇಳಿದ್ದು ಒಳ್ಳೇದಾಯ್ತು ಕಂದಾ, ನಿಂದೇನೂ ತಪ್ಪಿಲ್ಲ’ ಅಂದು ಕಿವಿ ಕೊಡಿ, ಮತ್ತೆ ಆ ಮನೆಗೆ ಕಳಿಸಬೇಡಿ. ಅನಾಹುತ ಅಂತ ಗೊತ್ತಾದಮೇಲೆ ಮರ್ಯಾದೆ ಅಂತ ಮುಚ್ಚಿಡೋದಕ್ಕೆ ಮಕ್ಕಳನ್ನು ಲೈಂಗಿಕ ದೌರ್ಜನ್ಯದಿಂದ ಕಾಪಾಡೋ 2012ರ ಪೋಕ್ಸೊ ಕಾಯ್ದೆಯೂ ಬಿಡೋದಿಲ್ಲ. ‘ಸತ್ತು ಹೋಗ್ತೀನಿ’ ಅಂತ ಮಗು ದಿನಾ ಅಂತಿದ್ದು, ಊಟ ನಿದ್ದೆ ಬಿಟ್ಟು ಮಂಕಾಗಿದ್ದರೂ ತಾಯತ ಕಟ್ಟಿ ಸುಮ್ಮನಾಗಬೇಡಿ, ಡಾಕ್ಟರಿಗೆ ತೋರಿಸಿ. ಮನಸ್ಸಿನ ವಿಷಯ ಕೇಳೋಕೆ ಟೆಲಿ ಮಾನಸ್ 14416 ಇದೆ. ಮಕ್ಕಳ ಸಹಾಯವಾಣಿ 1098; ರಾತ್ರಿ ಎರಡು ಗಂಟೆಗೂ ಎತ್ತುತ್ತಾರೆ, ದುಡ್ಡು ಬೇಕಿಲ್ಲ. ಎರಡನ್ನೂ ಈಗಲೇ ಫೋನಿಗೆ ಹಾಕಿಕೊಳ್ಳಿ.