ಕ್ಲಚ್ ಸಂಧಿ ಪ್ರಕರಣ

ಶಾಸ್ತ್ರಗ್ರಂಥಗಳು ಮಂಗಳಾಚರಣೆಯಿಂದ ಆರಂಭವಾಗುವುದು ವಾಡಿಕೆ. ಹನ್ನೆರಡರ ಸ್ಪ್ಯಾನರ್ ಕಾಣೆಯಾಗಿರುವುದರಿಂದ ಪ್ರಸ್ತುತ ಗ್ರಂಥ ಅಮಂಗಳದಲ್ಲಿಯೇ ಆರಂಭವಾಗುತ್ತಿದೆ. ಸಿಕ್ಕಿದವರು ಶೆಡ್ಡಿಗೆ ತಂದುಕೊಡುವುದು.

ಮೊದಲು ವಿಷಯನಿರ್ದೇಶ. ಲಿಫ್ಟ್ ಇಲ್ಲದೆ ಮನೆಯಲ್ಲಿಯೇ ಕಾರಿನ ಕ್ಲಚ್ ಬದಲಿಸುವುದು ನಮ್ಮ ಪ್ರಮೇಯ. ಇಲ್ಲಿ ಲಿಫ್ಟ್ ಎಂಬ ಪದ ಅನೇಕಾರ್ಥಿ. ಬೆಂಗಳೂರಿನಲ್ಲಿ ಅದು ಮಹಡಿ ಹತ್ತಿಸುವ ಪೆಟ್ಟಿಗೆ. ಪೇಟೆಯ ದೊಡ್ಡ ಗ್ಯಾರೇಜಿನಲ್ಲಿ ಕಾರನ್ನು ಆಳೆತ್ತರಕ್ಕೆ ಎತ್ತಿ ಹಿಡಿಯುವ ಯಂತ್ರ. ಸಾಗರ, ಹೊಸನಗರ, ತೀರ್ಥಹಳ್ಳಿ ತಾಲ್ಲೂಕುಗಳಲ್ಲಿ ಮಾತ್ರ ಬಸ್ಸು ತಪ್ಪಿದವನು ರಸ್ತೆಬದಿ ಕೈ ಅಡ್ಡ ಹಿಡಿದು ಬೇಡುವ ಭಿಕ್ಷೆ. ಮೊದಲನೆಯದು ಹೆಂಚಿನ ಮನೆಗೆ ಬೇಕಿಲ್ಲ. ಎರಡನೆಯದರ ತನಕ ಕಾರು ಹೋಗುವಂತಿದ್ದರೆ ಈ ಗ್ರಂಥವೇ ಬೇಕಿರಲಿಲ್ಲ. ಮೂರನೆಯದನ್ನು ಊರಿಗೆಲ್ಲ ಕೊಡುತ್ತಿದ್ದ ಕಾರೇ ಕೆಟ್ಟು ನಿಂತಿದೆ. ಹೀಗೆ ಮೂರರ್ಥದಲ್ಲಿಯೂ ಲಿಫ್ಟಿನ ಅಭಾವ ಸಿದ್ಧವಾಯಿತು.

ಇನ್ನು ಪೂರ್ವಸೂರಿಗಳು. ಬಿದನೂರಿನಲ್ಲಿ ಕುಳಿತು ಆಳಿದ ಕೆಳದಿಯ ಬಸವಪ್ಪ ನಾಯಕ 1709ರಲ್ಲಿ ‘ಶಿವತತ್ತ್ವರತ್ನಾಕರ’ವೆಂಬ ಸಂಸ್ಕೃತ ವಿಶ್ವಕೋಶ ಮುಗಿಸಿದ. ಅಡಿಗೆ, ವೈದ್ಯ, ಆನೆ, ಕುದುರೆ ಒಂದನ್ನೂ ಬಿಟ್ಟಿಲ್ಲವೆಂದು ಹೆಸರು. ಕ್ಲಚ್ಚನ್ನು ಬಿಟ್ಟಿದ್ದಾನೆ. ಕಾಲ ಹಾಗಿತ್ತು ಎಂದು ಕ್ಷಮಿಸುವಂತೆಯೂ ಇಲ್ಲ. ಅದಕ್ಕೆ ಹತ್ತು ವರ್ಷ ಮೊದಲೇ, 1699ರಲ್ಲಿ, ಪ್ಯಾರಿಸಿನಲ್ಲಿ ಗಿಯೋಮ್ ಅಮೊಂಟನ್ ಎಂಬಾತ ಘರ್ಷಣೆಯ ನಿಯಮವನ್ನು ಮಂಡಿಸಿಯಾಗಿತ್ತು: ಒಂದಕ್ಕೊಂದು ತಾಗಿದ ಎರಡು ವಸ್ತುಗಳ ಹಿಡಿತ ನಿಂತಿರುವುದು ಅವನ್ನು ಒತ್ತುವ ಭಾರದ ಮೇಲೆ, ತಾಗಿದ ಜಾಗ ಎಷ್ಟಗಲ ಎಂಬುದರ ಮೇಲಲ್ಲ. ಕ್ಲಚ್ಚಿನ ಬ್ರಹ್ಮಸೂತ್ರವೇ ಇದು. ಪ್ಯಾರಿಸಿನ ಸುದ್ದಿ ಘಟ್ಟ ಹತ್ತುವಷ್ಟರಲ್ಲಿ ಮಳೆಗಾಲ ಹಿಡಿದಿರಬೇಕು.

ಹಾಗೆಂದು ಕೆಳದಿ ಅರಸರಿಗೆ ಗೇರಿನ ಜ್ಞಾನವೇ ಇರಲಿಲ್ಲ ಎನ್ನಲಾಗದು. ಅವರ ರಾಜಧಾನಿ ಮೊದಲು ಕೆಳದಿ, ಆಮೇಲೆ ಇಕ್ಕೇರಿ, ಆಮೇಲೆ ಬಿದನೂರು. ಸಾಗರ ತಾಲ್ಲೂಕಿನಲ್ಲಿ ಫಸ್ಟ್, ಸೆಕೆಂಡ್ ಎರಡನ್ನೂ ಮುಗಿಸಿ ಹೊಸನಗರಕ್ಕೆ ಬಂದು ಥರ್ಡ್ ಹಾಕಿದರು. ಆಪತ್ತಿಗಿರಲೆಂದು ತೀರ್ಥಹಳ್ಳಿಯ ಕವಲೆದುರ್ಗವನ್ನು ರಿವರ್ಸ್ ಗೇರಾಗಿ ಇಟ್ಟುಕೊಂಡಿದ್ದರು. 1763ರಲ್ಲಿ ಹೈದರಾಲಿ ಬಂದಾಗ ಗಾಡಿ ಥರ್ಡಿನಲ್ಲಿಯೇ ಆಫ್ ಆಯಿತು. ಈ ಭಾಗದ ಸಾಹಿತ್ಯದಲ್ಲಿಯೂ ಚಕ್ರದ ಉಲ್ಲೇಖವುಂಟು. ಕುವೆಂಪು ಅವರ ‘ಮಲೆಗಳಲ್ಲಿ ಮದುಮಗಳು’ ಕಾದಂಬರಿಯಲ್ಲಿ ಬೈಸಿಕಲ್ಲು ಬಂದು ಊರನ್ನು ಬೆರಗುಗೊಳಿಸುತ್ತದೆ. ಆದರೆ ಬೈಸಿಕಲ್ಲಿಗೆ ಕ್ಲಚ್ಚಿಲ್ಲ. ಆದ್ದರಿಂದ ಅದು ನಮ್ಮ ವ್ಯಾಪ್ತಿಗೆ ಬಾರದು.

ಈಗ ಲಕ್ಷಣ. ಕ್ಲಚ್ ಎಂದರೇನು? ಅದನ್ನು ದ್ವೈತಾದ್ವೈತಗಳಿಗೆ ಹೋಲಿಸಿ, ಹಾಫ್ ಕ್ಲಚ್ಚನ್ನು ವಿಶಿಷ್ಟಾದ್ವೈತವೆಂದು ಕರೆದು ಚಪ್ಪಾಳೆ ಗಿಟ್ಟಿಸುವುದು ಸುಲಭ. ಶೃಂಗೇರಿ ಹತ್ತಿರವಿರುವುದರಿಂದ ನಾವು ಆ ಗೋಜಿಗೆ ಹೋಗುವುದಿಲ್ಲ. ನಮ್ಮ ಮತದಲ್ಲಿ ಕ್ಲಚ್ ವ್ಯಾಕರಣದ ವಿಷಯ. ಎಂಜಿನ್ನು ಪೂರ್ವಪದ, ಗೇರ್‌ಬಾಕ್ಸು ಉತ್ತರಪದ, ನಡುವಿನ ಸಂಧಿಕಾರ್ಯವೇ ಕ್ಲಚ್ಚು. ಎಂಜಿನ್ನಿನ ತುದಿಯಲ್ಲಿ ತಿರುಗುವ ಫ್ಲೈವೀಲಿಗೆ ಪ್ರೆಶರ್ ಪ್ಲೇಟಿನ ಸ್ಪ್ರಿಂಗು ಕ್ಲಚ್ ಪ್ಲೇಟನ್ನು ಅವುಚಿ ಹಿಡಿದಿರುತ್ತದೆ. ಮೂರೂ ಒಂದಾಗಿ ತಿರುಗುತ್ತವೆ. ಪೆಡಲ್ ಒತ್ತಿದರೆ ಕೇಬಲ್ಲು ಫೋರ್ಕನ್ನು ಎಳೆದು, ಫೋರ್ಕು ಬೇರಿಂಗನ್ನು ದೂಡಿ, ಬೇರಿಂಗು ಸ್ಪ್ರಿಂಗಿನ ಬೆರಳುಗಳನ್ನು ಅಮುಕಿ, ಪ್ಲೇಟು ಸಡಿಲವಾಗುತ್ತದೆ. ಇದು ಪದಚ್ಛೇದ. ಎರಡು ಪದ ಅಕ್ಕಪಕ್ಕ ನಿಂತೂ ಕೂಡದಿರುವುದನ್ನು ವೈಯಾಕರಣರು ಪ್ರಕೃತಿಭಾವ ಎಂದರು. ನಾವು ಸಿಗ್ನಲ್ ಎನ್ನುತ್ತೇವೆ. ‘ಶಬ್ದಮಣಿದರ್ಪಣ’ದಲ್ಲಿ ಸಂಧಿಗೆ ಒಂದು ಪ್ರಕರಣವನ್ನೇ ಮೀಸಲಿಟ್ಟ ಕೇಶಿರಾಜನಿಗೆ ಒಂದು ಮಾರುತಿ 800 ಕೊಟ್ಟಿದ್ದರೆ ಕೆಲಸ ಎಷ್ಟು ಬೇಗ ಮುಗಿಯುತ್ತಿತ್ತೋ.

ಸವೆತಕ್ಕೆ ಕಾರಣ ಭೂಗೋಳ. ಆಗುಂಬೆ ಘಾಟಿಯಲ್ಲಿ 14 ಹಿಮ್ಮುರಿ ತಿರುವು. ಮುಂದಿನ ಬಸ್ಸು ತಿರುಗುವವರೆಗೂ ಹಿಂದಿನವರೆಲ್ಲ ಹಾಫ್ ಕ್ಲಚ್ಚಿನಲ್ಲಿ ತಪಸ್ಸು ಮಾಡಬೇಕು. ಹುಲಿಕಲ್ ಘಾಟಿಯದ್ದೂ ಅದೇ ಕಥೆ. 1343 ಮೀಟರ್ ಎತ್ತರದ ಕೊಡಚಾದ್ರಿಗೆ ಹತ್ತುವ ಜೀಪುಗಳ ಕ್ಲಚ್ಚು ಏನೇನು ಕಂಡಿದೆಯೋ, ಅದಕ್ಕೆ ಬಾಯಿಲ್ಲ. ಸಿಗಂದೂರಿಗೆ ಹೋಗುವವರು ಹೊಳೆಬಾಗಿಲಿನಲ್ಲಿ ಶರಾವತಿ ಹಿನ್ನೀರಿನ ಅಂಚಿಗಿಳಿದು, ಮುಂದಿನವನ ಬಂಪರ್ ಮುಟ್ಟದಂತೆ ಕಾರನ್ನು ಅಂಗುಲ ಅಂಗುಲವಾಗಿ ಲಾಂಚಿಗೆ ಹತ್ತಿಸಬೇಕಿತ್ತು. 2025ರ ಜುಲೈ 14ರಂದು ಅಲ್ಲಿ ಸೇತುವೆ ಉದ್ಘಾಟನೆಯಾಗಿ ಸವೆತದ ಒಂದು ಐತಿಹಾಸಿಕ ಆಕರ ನಾಶವಾಯಿತು. ಸಂಶೋಧಕರಿಗೆ ನಷ್ಟ. ಇಷ್ಟೆಲ್ಲ ಹೇಳಿದರೂ ನನ್ನ ಕಾರಿನ ಮಟ್ಟಿಗೆ ಕಾರಣ ನನ್ನ ಎಡಗಾಲು. ಅದು ಸದಾ ಪೆಡಲಿನ ಮೇಲೆ ವಿಶ್ರಾಂತಿ ಪಡೆಯುತ್ತಿತ್ತು.

ಒಂದು ದಿನ ಮನೆಯ ಮುಂದಿನ ಏರಿನಲ್ಲಿ ಎಂಜಿನ್ನು ಅಬ್ಬರಿಸಿತು, ಕಾರು ಕದಲಲಿಲ್ಲ. ಸುಟ್ಟ ರಬ್ಬರೂ ಅಲ್ಲದ, ಸೀದ ಹಾಲೂ ಅಲ್ಲದ ಒಂದು ವಾಸನೆ. “ಪ್ಲೇಟು ಹೋತು ಭಾವ,” ಎಂದರು ಭಾವ. ನಮ್ಮಲ್ಲಿ ಇಬ್ಬರೂ ಪರಸ್ಪರ ಭಾವಂದಿರೇ ಆದ್ದರಿಂದ ಇಲ್ಲಿ ಕರ್ತೃ ಯಾರು, ಕರ್ಮ ಯಾರು ಎಂಬುದನ್ನು ಸಂದರ್ಭದಿಂದ ತಿಳಿಯತಕ್ಕದ್ದು.

ಗ್ರಂಥವನ್ನು ‘ಶಿವತತ್ತ್ವರತ್ನಾಕರ’ದ ಮಾದರಿಯಲ್ಲಿ ಕಲ್ಲೋಲ, ತರಂಗಗಳಾಗಿ ವಿಂಗಡಿಸಬೇಕೆಂದಿತ್ತು. ಜುಲೈ ತಿಂಗಳಲ್ಲಿ ಅಂಗಳದ ತುಂಬ ಅವೆರಡೂ ನಿಜವಾಗಿಯೇ ಹರಿಯುತ್ತಿದ್ದುದರಿಂದ ಕೈಬಿಟ್ಟು, ಕಾರನ್ನು ದೂಡಿ ತಗಡಿನ ಶೆಡ್ಡಿಗೆ ಸೇರಿಸಿದೆವು.

ಎತ್ತುವ ವಿಚಾರದಲ್ಲಿ ಮತಭೇದವಿದೆ. ತೋಟದ ಅಗಳಿನ ಮೇಲೆ ಅಡಿಕೆ ದಬ್ಬೆ ಹಾಸಿ ಕಾರು ನಿಲ್ಲಿಸಿದರೆ ಕೆಳಗೆ ನಿಂತುಕೊಂಡೇ ಕೆಲಸ ಮಾಡಬಹುದೆಂದು ನೆರೆಮನೆಯವರ ಪೂರ್ವಪಕ್ಷ. ದಬ್ಬೆ ಚಪ್ಪರದ ಮೇಲಿನ ಅಡಿಕೆಯನ್ನು ಹೊರುತ್ತದೆ, ಕಾರನ್ನಲ್ಲ. ಅಲ್ಲದೆ ಅಗಳಿನಲ್ಲಿ ಸೊಂಟದವರೆಗೆ ನೀರಿದೆ. ಜಂಬಿಟ್ಟಿಗೆ ಕಲ್ಲು ಇಡಿ ಎಂದರು ಇನ್ನೊಬ್ಬರು. ಗೋಡೆಯಲ್ಲಿ ತಲೆಮಾರು ಬಾಳುವ ಆ ಕಲ್ಲು ಒಂದೇ ಮೂಲೆಗೆ ಭಾರ ಬಿದ್ದರೆ ಪುಡಿಯಾಗುತ್ತದೆ. ಕಾರಿನೊಡನೆ ಬಂದ ಜಾಕು ಎತ್ತಲಿಕ್ಕೆ ಮಾತ್ರ, ನಿಲ್ಲಿಸಲಿಕ್ಕಲ್ಲ. ಸಿದ್ಧಾಂತವೇನೆಂದರೆ, ಹಿಂದಿನ ಚಕ್ರಗಳಿಗೆ ಎರಡೂ ಕಡೆ ಅಡೆ ಕೊಟ್ಟು, ಮುಂಭಾಗವನ್ನು ಹಳೆಯ ನಾಟದ ತುಂಡುಗಳನ್ನು ಅಡ್ಡ ಉದ್ದ ಪೇರಿಸಿದ ಅಟ್ಟಿಯ ಮೇಲೆ ಕೂರಿಸಿ, ಬಿಚ್ಚಿದ ಚಕ್ರಗಳನ್ನೂ ಅಡಿಗೆ ತಳ್ಳುವುದು. ಅಟ್ಟಿ ಕೈಕೊಟ್ಟರೆ ಚಕ್ರ ಇದೆ. ಹೀಗೆ ಒಂದು ಮೊಳ ಆಕಾಶ ಸಿಕ್ಕಿತು. ಇದರಲ್ಲಿ ಭಾವ ಅಂಗಾತ ಮಲಗಿದರೆ ಉಸಿರು ಬಿಡಲು ಜಾಗವಿದೆ, ಎಳೆದುಕೊಳ್ಳಲು ಇಲ್ಲ.

ಜಾಗ ಒಣಗಿದ್ದರೂ ಉಂಬಳಕ್ಕೆ ಅಡ್ಡಿಯಿಲ್ಲ. (ಇಂಬಳ ಎಂದು ಪಾಠಾಂತರ, ಜಿಗಣೆ ಎಂದು ಅರ್ಥ.) ಗ್ಯಾರೇಜಿನ ಕೈಪಿಡಿಗಳಲ್ಲಿ ಈ ಅಧ್ಯಾಯವೇ ಇರುವುದಿಲ್ಲ. ಎರಡು ಕೈಯಲ್ಲೂ ಸ್ಪ್ಯಾನರ್ ಹಿಡಿದು ತಲೆಯ ಮೇಲಿನ ಬೋಲ್ಟಿಗೆ ಜೀವ ಬಿಡುತ್ತಿರುವಾಗ ಕಾಲ್ಬೆರಳ ಸಂದಿಯಲ್ಲಿ ತಣ್ಣಗೆ ಏನೋ ಹತ್ತಿದ್ದು ಗೊತ್ತಾಗುತ್ತದೆ. ಬೋಲ್ಟು ಬಿಡುವಂತಿಲ್ಲ, ಕಾಲು ಕೊಡವುವಂತಿಲ್ಲ. ಉಪ್ಪಿನ ಗಂಟು ಹಿಡಿದ ಅಮ್ಮಮ್ಮ ಶೆಡ್ಡಿನ ಬಾಗಿಲಲ್ಲಿ ಕುರ್ಚಿ ಹಾಕಿಕೊಂಡು ಕುಳಿತರು. ಹೊರಗೆ ಕಾಣುವ ನಾಲ್ಕು ಕಾಲುಗಳಷ್ಟೇ ಅವರ ಅಧ್ಯಯನದ ವಸ್ತು.

ನಮ್ಮ ಮಾರುತಿ 800ರ ಮೂರು ಸಿಲಿಂಡರಿನ 796 ಸಿಸಿ ಎಂಜಿನ್ನು ಬಾನೆಟ್ಟಿನಡಿ ಅಡ್ಡಲಾಗಿ ಕೂತಿದೆ, ಗೇರ್‌ಬಾಕ್ಸು ಅದರ ಪಕ್ಕಕ್ಕೆ. ಎಂಜಿನ್ನನ್ನು ಇಳಿಸಬೇಕಿಲ್ಲ, ಗೇರ್‌ಬಾಕ್ಸನ್ನು ಸರಿಸಿ ಕೆಳಗೆ ತೆಗೆದರೆ ಸಾಕು. ಬ್ಯಾಟರಿ ವಯರು ಮೊದಲು. ಮುಂದಿನ ಹಬ್ ನಟ್ಟನ್ನು ಕಾರು ನೆಲದ ಮೇಲಿರುವಾಗಲೇ ಸಡಿಲಿಸಬೇಕು ಎಂಬುದನ್ನು ನಾವು ಕಾರು ಎತ್ತಿದ ಮೇಲೆ ಅರಿತು, ಇಳಿಸಿ, ಪಾನಾಕ್ಕೆ ಪಂಪ್‌ಸೆಟ್ಟಿನ ಪೈಪು ತೂರಿಸಿ ಇಬ್ಬರೂ ನಿಂತು ತುಳಿದೆವು. ಗೇರ್ ಆಯಿಲ್ ಮೊದಲೇ ಇಳಿಸಿಕೊಳ್ಳಬೇಕು ಎಂಬುದನ್ನು ಡ್ರೈವ್ ಶಾಫ್ಟ್ ಎಳೆದ ಮರುಕ್ಷಣವೇ ಭಾವ ಮುಖತಃ ತಿಳಿದುಕೊಂಡರು. ಉಳಿದದ್ದನ್ನು ಅಡಿಕೆ ಹಾಳೆಯಲ್ಲಿ ಹಿಡಿದೆವು. ಗೇರ್‌ಬಾಕ್ಸಿನ ಆಸರೆ ತಪ್ಪಿದರೆ ಎಂಜಿನ್ನು ವಾಲುವುದರಿಂದ ಎರಡು ಮಡ್ಗಾರ್ಡುಗಳ ಮೇಲೆ ಗೋಣಿ ಹಾಸಿ, ಬಗನಿ ಮರದ ದಿಂಡು ಅಡ್ಡ ಇಟ್ಟು, ಬಾವಿಯ ಮೋಟಾರು ಎತ್ತುವ ಸರಪಳಿಯಿಂದ ಕಟ್ಟಿದೆವು. ಕೊನೆಯ ಬೋಲ್ಟು ಬಂತು. ಗೇರ್‌ಬಾಕ್ಸು ಇಬ್ಬರು ಹಿಡಿದರೆ ಕೈಗೆ ಬರುತ್ತದೆ, ಒಬ್ಬ ಹಿಡಿದರೆ ಎದೆಗೆ. ನಾನು ಆಗ ಚಾ ತರಲು ಹೋಗಿದ್ದೆ.

ಹಳೆಯ ಪ್ಲೇಟು ರಿವೆಟ್ಟಿನ ಮಟ್ಟಕ್ಕೆ ಸವೆದಿತ್ತು. ಧೂಳನ್ನು ಊದಬಾರದು, ಹಿಂದಿನ ಕಾಲದ ಪ್ಲೇಟುಗಳಲ್ಲಿ ಕಲ್ನಾರು ಇರುತ್ತಿತ್ತು, ನಮ್ಮದು ಯಾವ ಕಾಲದ್ದೋ. ಒದ್ದೆ ಬಟ್ಟೆಯಿಂದ ಒರೆಸಿದೆವು. ಹೊಸ ಪ್ಲೇಟನ್ನು ನಡುಮಧ್ಯಕ್ಕೆ ಕೂರಿಸಿ ಹಿಡಿಯಲು ಗ್ಯಾರೇಜಿನವರ ಬಳಿ ಉಕ್ಕಿನ ಕಡ್ಡಿ ಇರುತ್ತದೆ. ಭಾವ ಪೇರಲೆ ಕೊಂಬೆಯನ್ನು ಕೆತ್ತಿ, ಟೇಪು ಸುತ್ತಿ, ತೂತಿನಲ್ಲಿ ಹಾಕಿ ನೋಡಿ, ಮತ್ತೆ ಕೆತ್ತಿ, ಒಂದು ಗಂಟೆಯಲ್ಲಿ ಅಂಥದ್ದೇ ಮಾಡಿದರು. ಅದನ್ನು ಈಗಲೂ ದೇವರ ಕೋಣೆಯ ಮಾಡಿನಲ್ಲಿ ಇಟ್ಟಿದ್ದಾರೆ.

ಎರಡು ದಿನದ ಸಂಧಿಕಾರ್ಯ ಮುಗಿಸಿ ಸ್ಟಾರ್ಟ್ ಮಾಡಿದರೆ ಗೇರು ಬೀಳದು. ಪೆಡಲ್ ತಳ ಮುಟ್ಟಿದರೂ ಕರಕರ ಸದ್ದು. ಪ್ಲೇಟಿನ ಒಂದು ಮುಖದಲ್ಲಿ ‘ಇದು ಫ್ಲೈವೀಲಿನ ಕಡೆ’ ಎಂದು ಅಚ್ಚಾಗಿರುತ್ತದೆ. ಆ ಅಕ್ಷರಗಳ ಮೇಲೆಯೇ ಅಂಗಡಿಯವನು ಬೆಲೆಯ ಚೀಟಿ ಅಂಟಿಸಿದ್ದ. ನಾವು ಬೆಲೆ ಓದಿದ್ದೆವು. ಉಬ್ಬಿದ ಹೊಟ್ಟೆ ಗೇರ್‌ಬಾಕ್ಸಿನ ಕಡೆ ಇರಬೇಕಾದ ಪ್ಲೇಟು ತಿರುವುಮುರುವಾಗಿ ಕೂತು ಫ್ಲೈವೀಲಿಗೆ ಉಜ್ಜುತ್ತಿತ್ತು. ಪದವಿಂಗಡಣೆ ಮತ್ತೆ ಮೊದಲಿನಿಂದ. ಎರಡನೆಯ ಸಲ ಅರ್ಧ ದಿನ ಸಾಕಾಯಿತು, ಮಾತು ಕಡಿಮೆಯಿತ್ತು.

ಈಗ ಗೇರು ಬೆಣ್ಣೆಯಲ್ಲಿ ಬೆರಳಿಟ್ಟಂತೆ ಬೀಳುತ್ತದೆ. ಉಳಿದಿರುವುದು ಒಂದೇ ಶಾಸ್ತ್ರೀಯ ತೊಡಕು. ಕನ್ನಡ ಸಂಧಿಗಳು ಮೂರು: ಲೋಪ, ಆಗಮ, ಆದೇಶ. ಉದ್ದ ಬೋಲ್ಟಿನ ಜಾಗಕ್ಕೆ ಗಿಡ್ಡ ಬೋಲ್ಟು ಬಂದದ್ದು ಆದೇಶ. ಅದನ್ನು ಇಬ್ಬರೂ ಒಪ್ಪಿದ್ದೇವೆ. ಆದರೆ ಎಲ್ಲ ಮುಗಿದ ಮೇಲೆ ತಟ್ಟೆಯಲ್ಲಿ ಒಂದು ಬೋಲ್ಟು ಮಿಕ್ಕಿದೆ. ಕಾರಿನ ಕಡೆಯಿಂದ ನೋಡಿದರೆ ಇದು ಲೋಪ ಎಂದು ನನ್ನ ವಾದ. ಬಿಚ್ಚುವಾಗ ಇದು ಇರಲೇ ಇಲ್ಲ, ಆದ್ದರಿಂದ ಆಗಮ ಎಂದು ಭಾವನ ವಾದ. ವಾದ ನಡೆದಿರುವಾಗಲೇ ಅಮ್ಮಮ್ಮ ಬೋಲ್ಟನ್ನು ತೊಳೆದು ಕವಳದ ಹರಿವಾಣಕ್ಕೆ ಹಾಕಿಕೊಂಡರು. ಹಲ್ಲಿಲ್ಲದ ಅವರಿಗೆ ಅಡಿಕೆ ಜಜ್ಜಲು ಅದು ಒಳ್ಳೆಯದಾಗಿದೆಯಂತೆ.

“ಮುಂದಿನ ಸಲ ಸ್ವಲ್ಪ ದಪ್ಪದ್ದು ಉಳಿಸ್ರೋ,” ಎಂದರು.